ಸಾಕ್ಷಿಯ ಸಹಿಗೆ ಬಿಟ್ಟ ಜಾಗ

ರಾಯಬಾಗ ತಾಲ್ಲೂಕಿನ ಕೃಷ್ಣಾ ದಂಡೆಯ ಊರೊಂದರಲ್ಲಿ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಶಿಕ್ಷಕಿಯಾಗಿದ್ದೆ. ಶಾಲೆಯ ಹಿಂದಿನ ಗಾಯರಾಣದಲ್ಲಿ, ಅಂದರೆ ಗೋಮಾಳದಲ್ಲಿ, ಹರಣಶಿಕಾರಿಗಳ ಏಳೆಂಟು ಗುಡಿಸಲು. 2003ರಲ್ಲಿ ಹೊಳೆದಂಡೆಯ ಪಂಪ್‌ಸೆಟ್ಟುಗಳ ತಾಮ್ರದ ಕೇಬಲ್ ಕಳುವಾಯಿತು. ಮರುದಿನ ನಸುಕಿನಲ್ಲಿ ಜೀಪು ನೇರ ಆ ಗುಡಿಸಲುಗಳಿಗೇ ಬಂತು. ಆರನೆಯ ಇಯತ್ತೆಯ ನನ್ನ ವಿದ್ಯಾರ್ಥಿಯೊಬ್ಬನ ಅಪ್ಪನನ್ನು ಒಯ್ದರು. ಪ್ರಾರ್ಥನೆಯ ಗಂಟೆಗೂ ಮೊದಲೇ ಹುಡುಗ ನನ್ನ ಬಾಗಿಲಲ್ಲಿ ನಿಂತಿದ್ದ.

“ಅಕ್ಕೋರ, ನೀವ್ ಬಂದು ಒಂದ್ ಮಾತ್ ಹೇಳ್ರಿ. ನಿಮ್ಮ ಮಾತ್ ಕೇಳ್ತಾರ.”

“ಸಾಲಿ ಬಿಟ್ಟ ಮ್ಯಾಲ ನೋಡೂನು” ಅಂದೆ.

ಸಾಲಿ ಬಿಟ್ಟಿತು. ನಾನು ಹೋಗಲಿಲ್ಲ. ನಾಲ್ಕನೆಯ ದಿನ ಅಪ್ಪ ತಿರುಗಿ ಬಂದ. ಅಂಗಾಲು ನೆಲಕ್ಕೆ ಊರಲಾಗದೆ ಕಂಪೌಂಡಿನ ಗೋಡೆ ಹಿಡಿದು ನಡೆಯುತ್ತಿದ್ದ. ಅವನ ಮೇಲೆ ಕೇಸಿರಲಿಲ್ಲ, ಹಿಡಿದೊಯ್ದದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ದಿನವೂ ಗೈರು ಬರೆದವಳು ನಾನೇ.

ಆ ಗುಡಿಸಲುಗಳಲ್ಲಿ ಹಾಜರಿ ಎಂಬ ಮಾತಿಗೆ ಬೇರೆಯದೇ ಅರ್ಥವಿತ್ತೆಂದು ಆಮೇಲೆ ತಿಳಿದುಕೊಂಡೆ. ಕೆಲವು ಜಾತಿಗಳವರು ಹುಟ್ಟಿನಿಂದಲೇ ಅಪರಾಧಿಗಳು ಎಂದು ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿದರು. 1911ರ ಕಾಯ್ದೆ ಅದನ್ನು ಬ್ರಿಟಿಷ್ ಆಳ್ವಿಕೆಯ ಪ್ರದೇಶಕ್ಕೆಲ್ಲ ಹಬ್ಬಿಸಿತು. ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು, ಹೇಳಿದ ಹೊತ್ತಿಗೆ ಅಧಿಕಾರಿಯ ಮುಂದೆ ನಿಂತು ಹಾಜರಿ ಹಾಕಬೇಕು. ಕಳವು ಮಾಡಿದವರು, ಮಾಡದವರು ಎಂಬ ಭೇದವಿಲ್ಲ. ನಮ್ಮ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಲ್ಲಿನ ಶಾಹು ಮಹಾರಾಜರು 1918ರಲ್ಲಿ ಈ ಹಾಜರಿಯನ್ನೇ ಕಿತ್ತುಹಾಕಿದರು. ಹರಣಶಿಕಾರಿಗಳ ಬಳಗದವರೇ ಆದ ಫಾಸೆ ಪಾರ್ಧಿಗಳನ್ನು ಕರೆದು ಕೆಲಸ ಕೊಟ್ಟರು. ಒಬ್ಬ ಅರಸ ನೂರು ವರ್ಷದ ಹಿಂದೆ ನಮ್ಮ ಈ ನೆಲದಲ್ಲೇ ನಿಲ್ಲಿಸಿದ್ದು ಬೇರೆ ರೂಪದಲ್ಲಿ ಉಳಿದದ್ದನ್ನು 2003ರಲ್ಲಿ ನಾನು ಕಣ್ಣಾರೆ ನೋಡಿದೆ. ಬ್ರಿಟಿಷರ ಆ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಆದರೆ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. ಊರ ಮಂದಿಯ ಬಾಯಲ್ಲಿ, ಠಾಣೆಯ ಕಣ್ಣಲ್ಲಿ ಹಳೆಯ ಪಟ್ಟಿ ಹಾಗೆಯೇ ಉಳಿಯಿತು.

ಪೊಲೀಸರ ಏಟು ಏನೆಂದು ನನಗೆ ಹರೆಯದಲ್ಲೇ ತಿಳಿದಿತ್ತು. ನಾನು ಹುಟ್ಟಿದ್ದು ನಿಪ್ಪಾಣಿಯಲ್ಲಿ. ಅವ್ವ ತಂಬಾಕಿನ ವಖಾರಿಯಲ್ಲಿ ದುಡಿಯುತ್ತಿದ್ದಳು. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಮೂರು ವಾರಕ್ಕೂ ಹೆಚ್ಚು ಕುಳಿತರು. ಶರದ ಜೋಶಿಯವರು ಮುಂದಾಳು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ಹನ್ನೆರಡು ಜನ ಸತ್ತರು. ನನಗಾಗ ಹದಿನೇಳು. ಆ ಸಂಜೆ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಆ ಹುತಾತ್ಮರನ್ನು ನಿಪ್ಪಾಣಿ ಮರೆತಿಲ್ಲ, ಮರೆಯಬಾರದು. ಆದರೆ ಹೆದ್ದಾರಿಯಲ್ಲಿ ಹಗಲಿನಲ್ಲಿ ಬಿದ್ದ ಏಟಿಗೆ ಸಾವಿರಾರು ಜನ ಸಾಕ್ಷಿಯಿದ್ದರು. ಗಾಯರಾಣದಲ್ಲಿ ನಸುಕಿಗೆ ಒಬ್ಬನನ್ನೇ ಒಯ್ದಾಗ ಸಾಕ್ಷಿಯೆಂದರೆ ಅವನ ಮಗ, ಮತ್ತು ಆ ಮಗ ಯಾರ ಬಾಗಿಲಿಗೆ ಬಂದು ನಿಂತನೋ ಆ ನಾನು.

ಈ ನೋವನ್ನು ಚಿಕ್ಕೋಡಿ ಕೋರ್ಟಿನ ವಕೀಲರೊಬ್ಬರ ಮುಂದೆ ತೋಡಿಕೊಂಡೆ. ಅವರು ಡಿ.ಕೆ. ಬಸು ಪ್ರಕರಣದ ತೀರ್ಪನ್ನು ಓದಿ ಅರ್ಥ ಹೇಳಿದರು. ಸುಪ್ರೀಂ ಕೋರ್ಟು ಅದನ್ನು ಕೊಟ್ಟದ್ದು 1996ರ ಡಿಸೆಂಬರಿನಲ್ಲಿ. ಯಾರನ್ನೇ ಬಂಧಿಸಿದರೂ ಅಲ್ಲೇ ಮೆಮೊ ಬರೆಯಬೇಕು, ದಿನ ಮತ್ತು ವೇಳೆ ನಮೂದಿಸಬೇಕು. ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ಬಂಧನದ ಸುದ್ದಿ ಮನೆಯವರಿಗೆ ಮುಟ್ಟಬೇಕು. 48 ತಾಸಿಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿಯೇ ಹೇಳುತ್ತದೆ. ಇನ್ನೊಂದು ಮಾತು ಕೇಳಿ ನಾನು ತಡೆದು ಕುಳಿತೆ: ಆ ಮೆಮೊಗೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಊರ ಶಾಲೆಯ ಅಕ್ಕೋರಿಗೆ ಕಾನೂನೇ ಒಂದು ಜಾಗ ಬಿಟ್ಟಿತ್ತು.

2012ರಲ್ಲಿ ಮತ್ತೆ ಕೇಬಲ್ ಹೋಯಿತು, ಮತ್ತೆ ಜೀಪು ಬಂತು. ಈ ಸಲ ಒಬ್ಬ ಹರೆಯದ ಹುಡುಗನನ್ನು ಒಯ್ದಿದ್ದರು. ಅರ್ಧ ದಿನದ ರಜೆ ಬರೆದು ಠಾಣೆಗೆ ಹೋದೆ. ಕೈ ನಡುಗುತ್ತಿತ್ತು.

“ಮೆಮೊ ಕೊಡ್ರಿ ಸಾಹೇಬ್ರ, ಸಾಕ್ಷಿ ಸಹಿ ನಾ ಹಾಕ್ತೀನಿ.”

“ಅರೆಸ್ಟ್ ಮಾಡಿಲ್ರಿ ಅಕ್ಕೋರ, ಕೇಳಾಕ ಕರಸೀವಿ” ಅಂದರು ಫೌಜದಾರರು.

“ಹಂಗಾರ ಕೇಳಿ ಮುಗಸ್ರಿ, ಕರಕೊಂಡ ಹೋಗ್ತೀನಿ.”

ದೀಪ ಹಚ್ಚುವ ಹೊತ್ತಿನ ತನಕ ಬೆಂಚಿನ ಮೇಲೆ ಕುಳಿತಿದ್ದೆ. ಹುಡುಗ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದ.

ಸಾಕ್ಷಿಯಾಗಿ ನಿಲ್ಲುವುದೆಂದರೇನೆಂದು ಆಮೇಲೆ ದೂರದ ಹುಡುಗಿಯೊಬ್ಬಳಲ್ಲೂ ಕಂಡೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕೊರಳ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮೊಣಕಾಲೂರಿ ಕೊಂದ. ಅದನ್ನು ಫೋನಿನಲ್ಲಿ ಚಿತ್ರಿಸಿ ಜಗತ್ತಿಗೆ ತೋರಿಸಿದ ಡಾರ್ನೆಲ್ಲಾ ಫ್ರೇಜಿಯರ್‌ಗೂ ಆಗ ಹದಿನೇಳೇ ವಯಸ್ಸು. ಆಕೆ ಅಲ್ಲಿಂದ ಕದಲದೆ ನಿಂತಳು. ಬಣ್ಣ ನೋಡಿ ಅಪರಾಧ ಹೊರಿಸುವುದಕ್ಕೂ ಜಾತಿಯ ಹೆಸರು ಕೇಳಿ ಹೊರಿಸುವುದಕ್ಕೂ ನನಗೇನೂ ಅಂತರ ಕಾಣುವುದಿಲ್ಲ.

2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಆ ಹಳೆಯ ಪಟ್ಟಿಯಿಂದ ಹೊರಬಂದ ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸಕೂಡದೆಂದು ಪೊಲೀಸರಿಗೆ ಮತ್ತೆ ಹೇಳಿತು. ತೀರ್ಪಿನ ಸುದ್ದಿಯ ಪತ್ರಿಕೆ ಒಯ್ದು ಗಾಯರಾಣದಲ್ಲಿ ಕುಳಿತು ಓದಿದೆ. ಕಾನೂನು ನೆರವಿನ ಉಚಿತ ಸಹಾಯವಾಣಿ 15100 ಎಂದೂ ಹೇಳಿದೆ. ಎಲ್ಲ ಕೇಳಿದ ಮೇಲೆ ಮುದುಕಿಯೊಬ್ಬಳು ಕೇಳಿದಳು:

“ರಾತ್ರಿ ಬಂದ್ರ ನಿಮ್ಮನ್ನ ಎಬ್ಬಸಬೌದ್ರಿ ಅಕ್ಕೋರ?”

“ಎಬ್ಬಸ್ರಿ” ಅಂದೆ. ಆಕೆಯ ಮೊಮ್ಮಗಳು ನನ್ನ ಫೋನ್ ನಂಬರನ್ನು ಇದ್ದಿಲಿನಿಂದ ಗುಡಿಸಲಿನ ತಗಡಿನ ಮೇಲೆ ದೊಡ್ಡದಾಗಿ ಬರೆದಳು.