ಶರೀಫರ ತತ್ವಪದಕ್ಕೆ ಗಿಟಾರ್ ಜೊತೆಯಾದಾಗ

ನಮ್ಮ ಕರಜಗಿ ಸೀಮೆಯಲ್ಲಿ ಶಿಶುನಾಳ ಶರೀಫರ ಪದ ಬಾರದ ಭಜನಾ ಮೇಳ ಸಿಗುವುದು ಕಷ್ಟ. ಏಕತಾರಿ, ದಮ್ಮಡಿ, ತಾಳ ಇದ್ದರೆ ಸಾಕು, ರಾತ್ರಿ ಕಳೆಯುತ್ತದೆ. ಅದೇ ಪದ ಮೊಮ್ಮಕ್ಕಳ ಮೊಬೈಲಿನಲ್ಲಿ ಡ್ರಮ್ಸ್, ಗಿಟಾರ್ ಸಮೇತ ಕೇಳಿಸಿದಾಗ ಹಿರಿಯರು "ಇದೇನು ಗದ್ದಲ?" ಎನ್ನುವುದುಂಟು. ಆ ಗದ್ದಲದ ಹಿಂದೆ ಇರುವುದು 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಬೆಂಗಳೂರಿನ ವಾದ್ಯತಂಡ.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ. ಗಿಟಾರ್ ಕೈಗೆ ಬಂದದ್ದು ಕಾಲೇಜಿನಲ್ಲಿ. ಮೊದಲು 'ಅಂತರಾಗ್ನಿ' ಎಂಬ ತಂಡವಿತ್ತು. ಅದು ಚದುರಿದ ಮೇಲೆ ಈಗಿನ ತಂಡ. 2008ರಲ್ಲಿ ಬಂದ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಪದಗಳೂ ಇದ್ದವು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ತಂಡಕ್ಕೆ 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ ಸಿಕ್ಕಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿಯೇ ಅಲ್ಲಿ ಕುಣಿದರು.

ಮನೆಯ ಮಾಳಿಗೆ ಸೋರುವ ಪದವನ್ನೇ ನೋಡಿ. ಮಣ್ಣಿನ ಮಾಳಿಗೆ ಕಾಣದ ಲಂಡನ್ನಿನವರಿಗೆ ಅದನ್ನು ಬಿಡಿಸಿ ಹೇಳಬೇಕು. ಜತ್ತ ತಾಲೂಕಿನ ಅಜ್ಜಿಗೆ ಬೇಕಿಲ್ಲ. ಮಳೆ ಅಪರೂಪದ ಈ ನೆಲದಲ್ಲಿ, ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದಿಗೆ ಕರಲು ಮಣ್ಣು ಹಾಕದಿದ್ದರೆ ಏನಾಗುತ್ತದೆಂದು ಆಕೆಗೆ ಗೊತ್ತು. ಶರೀಫರು (1819–1889) ಹೇಳಿದ್ದು ಅರಿವಿಲ್ಲದೆ ಸೋರುವ ಮೈಮನಗಳ ಕಥೆ. ಹೇಳಿದ್ದು ಮಾತ್ರ ಮನೆಯ ಮಾತಿನಲ್ಲಿ. (ಅಂದಹಾಗೆ ಶಿಶುನಾಳವಿರುವ ಹಾವೇರಿ ಜಿಲ್ಲೆಯಲ್ಲೂ ಒಂದು ಕರ್ಜಗಿ ಇದೆ!)

ಈ ಪದಗಳನ್ನು ಭಜನೆಯಿಂದಾಚೆ ಮೊದಲು ಒಯ್ದವರು ರಘು ಅಲ್ಲ. ಸಿ. ಅಶ್ವಥ್ ಅವರ ಕಂಠ, 1990ರ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಆ ಕೆಲಸ ಮಾಡಿದ್ದವು. ರಘು ಅವನ್ನು ನಿಂತು ಕುಣಿಯುವ ಹುಡುಗರಿಗೆ ಮುಟ್ಟಿಸಿದರು. ತಮ್ಮ ಸೀಮೆಯ ಹಾಡನ್ನೇ ರಾಕ್‌ಗೆ ತರುವುದು ಹೊಸದೇನಲ್ಲ: ಅಮೆರಿಕದ ದಕ್ಷಿಣದಲ್ಲಿ 1969ರಲ್ಲಿ ಹುಟ್ಟಿದ ಆಲ್‌ಮನ್ ಬ್ರದರ್ಸ್ ತಂಡ ಅಲ್ಲಿನ ಕಪ್ಪು ಜನರ ಬ್ಲೂಸ್ ಹಾಡುಗಳ ಮೇಲೆ ನಿಂತಿತ್ತು. ಮುಂಬಯಿಯ 'ಅಭಂಗ ರಿಪೋಸ್ಟ್' ಮರಾಠಿ ಅಭಂಗಗಳನ್ನು ಹೀಗೆಯೇ ಹಾಡುತ್ತಿದೆ.

ಒಂದು ತಕರಾರು ನನ್ನದೂ ಇದೆ. ಡ್ರಮ್ಸ್ ಏರಿದಾಗ ಮಾತು ಮುಳುಗುತ್ತದೆ. ತತ್ವಪದದಲ್ಲಿ ಮಾತೇ ಮುಳುಗಿದರೆ ಉಳಿಯುವುದು ಬರೀ ಕುಣಿತ. ಆದರೂ ಗಡಿಯ ಈಚೆಗಿರುವ ನಮಗೆ ಲೆಕ್ಕ ಬೇರೆ. ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್ ಓದುವ ಮಕ್ಕಳಿಗೆ ನಮ್ಮ ಲಿಪಿ ಬಾರದು. ಆ ಮಕ್ಕಳು ಈ ಹಾಡನ್ನು ಬಾಯಿಪಾಠ ಮಾಡಿಕೊಂಡು, "ಮಾಳಿಗಿ ಅಂದ್ರೇನು ಆಯಿ?" ಎಂದು ಕೇಳುತ್ತಾರೆ. ಕಾಂಕ್ರೀಟ್ ಮನೆಯಲ್ಲಿ ಕುಳಿತ ಅಜ್ಜಿ ಆಗ ಹಳೆಯ ಮನೆಯ ಸುದ್ದಿ ತೆಗೆಯುತ್ತಾಳೆ.