ಗೋದಲಿ ಕಟ್ಟುವ ಮೊದಲು

ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಕ್ರಿಸ್ಮಸ್‌ಗೆ ಸಿದ್ಧರಾಗುವ ಆಗಮನ ಕಾಲ ಶುರು. ಗುರುಗಳ ಪೂಜಾವಸ್ತ್ರ ನೇರಳೆ. 2005ರಲ್ಲಿ ರೂಪುಗೊಂಡ ನಮ್ಮ ಕಲಬುರಗಿ ಧರ್ಮಪ್ರಾಂತ್ಯದಲ್ಲೂ ಇದೇ ಕ್ರಮ. ಸೇಡಂ, ಚಿತ್ತಾಪುರದ ಹೊಲಗಳಲ್ಲಿ ಆಗ ತೊಗರಿ ಕಾಯಿ ಕಟ್ಟುವ ಹೊತ್ತು.

ನಕ್ಷತ್ರ, ಗೋದಲಿ ಆಮೇಲೆ ಆಗಲಿ. ಮನಸ್ಸು ಸಿದ್ಧಮಾಡುವುದು ಹೇಗೆ?

ಲೂಕನ ಸುವಾರ್ತೆಯ 3ನೇ ಅಧ್ಯಾಯ ತೆರೆಯಿರಿ. ನಾವೇನು ಮಾಡಬೇಕು ಎಂದು ಜನ ಸ್ನಾನಿಕ ಯೊವಾನ್ನನನ್ನು ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅನ್ನುತ್ತಾನೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಬೇಡ. ಸೈನಿಕರಿಗೆ, ಬೆದರಿಸಿ ಹಣ ಕೀಳಬೇಡಿ, ಸಂಬಳದಲ್ಲೇ ತೃಪ್ತರಾಗಿ. ನೋಡಿ, ಯಾರಿಗೂ ಕಸುಬು ಬಿಡು ಅನ್ನಲಿಲ್ಲ. ಕಸುಬಿನಲ್ಲೇ ಪಶ್ಚಾತ್ತಾಪ ಕಾಣಲಿ ಅಂದ.

ಇವತ್ತು ತೊಗರಿ ತೂಗುವವರು, ಶಹಾಬಾದಿನ ಫರಸಿ ಗಣಿಯಲ್ಲಿ ಕೂಲಿ ಲೆಕ್ಕ ಬರೆಯುವವರು ಅದೇ ಪ್ರಶ್ನೆ ಕೇಳಿದ್ದರೆ? ತೂಕ ಸರಿಯಿರಲಿ, ಕೂಲಿ ಪೂರ್ತಿ ಕೊಡಿ. ಇದೇ ಉತ್ತರ ಬರುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಪಾಪನಿವೇದನೆಯನ್ನು ಡಿಸೆಂಬರ್ 24ರ ಗಡಿಬಿಡಿಗೆ ಬಿಡಬೇಡಿ, ಮೊದಲ ವಾರವೇ ಹೋಗಿಬನ್ನಿ. ಮಾತು ಬಿಟ್ಟ ಅಣ್ಣನಿಗೋ ಅಕ್ಕನಿಗೋ ಇವತ್ತೇ ಒಂದು ಫೋನ್ ಮಾಡಿ.