ಸಿಕ್ಕಿದ್ದು ಯಾವುದು, ಮಾಡಿದ್ದು ಯಾವುದು

ಮಲ್ಲೇಶ್ವರದ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಮೇಜಿನ ಮೇಲೆ ಅಂಚು ಸವೆದ ಪೇಟೆಂಟ್ ಕಾಯ್ದೆಯ ಪುಸ್ತಕ, ಪಕ್ಕದಲ್ಲೇ ಸೂಕ್ಷ್ಮಜೀವಿಶಾಸ್ತ್ರದ ದಪ್ಪ ಪಠ್ಯ. ಎರಡರ ನಡುವೆ ಕೂತವರು ಹನ್ನೆರಡು ವರ್ಷ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಆಮೇಲೆ ಪರೀಕ್ಷೆ ಬರೆದು ಪೇಟೆಂಟ್ ಏಜೆಂಟ್ ಆದವರು. ಯೋಚಿಸುವಾಗ ಪೆನ್ನಿನ ತಲೆಯನ್ನು ಹೆಬ್ಬೆರಳಿನಿಂದ ಅರ್ಧ ಒತ್ತಿ, ಒಂದು ಕ್ಷಣ ತಡೆದು, ಆಮೇಲೆ ಪೂರ್ತಿ ಒತ್ತುತ್ತಾರೆ. ಪಿಪೆಟ್ ಹಿಡಿದ ಕೈ ಇನ್ನೂ ಆ ಎರಡು ಹಂತ ಮರೆತಿಲ್ಲ.

ಎದುರಿಗೆ ತೀರ್ಥಹಳ್ಳಿ ಕಡೆಯ ಹುಡುಗ, ಸಂಶೋಧಕ. ಅಡಿಕೆ ಮರದ ಬುಡದ ಮಣ್ಣಿನಲ್ಲಿ ಅವನಿಗೊಂದು ಬ್ಯಾಕ್ಟೀರಿಯಾ ಸಿಕ್ಕಿದೆ. ಮೊಬೈಲಿನಲ್ಲಿ ಪೆಟ್ರಿ ತಟ್ಟೆಯ ಫೋಟೋ ತೋರಿಸಿದ. ಕೊಳೆರೋಗದ ಬಿಳಿ ಬೂಸ್ಟು ಹರಡುತ್ತಾ ಬಂದು ಒಂದೆಡೆ ಗಕ್ಕನೆ ನಿಂತಿದೆ. ಆಚೆ ಬ್ಯಾಕ್ಟೀರಿಯಾದ ಗೆರೆ, ನಡುವೆ ಬೆರಳಗಲ ಬಯಲು.

"ಇದಕ್ಕೆ ಪೇಟೆಂಟ್ ಮಾಡಿಸ್ಬೇಕು ಮೇಡಂ."

"ಇದು ನಿಮಗೆ ಸಿಕ್ಕಿದ್ದು. ನೀವು ಮಾಡಿದ್ದು ಏನು?"

ಹುಡುಗ ಸುಮ್ಮನಾದ. ನಿಸರ್ಗದಲ್ಲಿ ಮೊದಲೇ ಇರುವ ಜೀವಿಯನ್ನು ಪತ್ತೆಹಚ್ಚಿದರೆ ಅದು ಆವಿಷ್ಕಾರವಲ್ಲ ಎನ್ನುತ್ತದೆ ನಮ್ಮ ಕಾಯ್ದೆಯ ಸೆಕ್ಷನ್ 3(ಸಿ). 1980ರಲ್ಲಿ ಆನಂದ ಮೋಹನ ಚಕ್ರವರ್ತಿಯವರ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು, ಕಚ್ಚಾ ತೈಲ ಕರಗಿಸುವ ಆ ಜೀವಿಯನ್ನು ಅವರೇ ರೂಪಿಸಿದ್ದರೆಂದು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಕೊಟ್ಟ ಪೇಟೆಂಟ್ ಎರಡೇ ವರ್ಷದಲ್ಲಿ ಬಿದ್ದುಹೋಯಿತು. ನಮ್ಮ ಸಿಎಸ್ಐಆರ್ ಹಳೆಯ ಗ್ರಂಥಗಳನ್ನೇ ಸಾಕ್ಷಿಯಾಗಿ ಮುಂದಿಟ್ಟಿತ್ತು. ಎಲ್ಲರ ಅಜ್ಜಿಯೂ ಬಲ್ಲದ್ದು ಒಬ್ಬರ ಸ್ವತ್ತಾಗಲಾರದು.

"ಇದನ್ನ ತೋಟಕ್ಕೆ ಹೇಗೆ ಒಯ್ತೀರಿ?"

"ಪುಡಿ ಮಾಡಿ. ಬರೀ ಟಾಲ್ಕಿನಲ್ಲಿ ಕಲಸಿದ್ರೆ ತಿಂಗಳೊಳಗೆ ಸಾಯ್ತಿತ್ತು. ಅಡಿಕೆ ಸಿಪ್ಪೆ ಸುಟ್ಟ ಇದ್ದಿಲು ಸೇರಿಸಿದೆ, ವರ್ಷ ಕಳೆದ್ರೂ ಜೀವ ಇದೆ. ಅದೇನು ದೊಡ್ಡದಲ್ಲ ಬಿಡಿ."

ಅರ್ಧಕ್ಕೆ ಒತ್ತಿದ ಪೆನ್ನು ಅಲ್ಲೇ ನಿಂತಿತು. "ಅದೇ ದೊಡ್ಡದು!"

ಆಮೇಲೆ ಕೆಲಸಗಳ ಪಟ್ಟಿ ಬೆಳೆಯಿತು. ಬೇರೆ ಯಾರಾದರೂ ಮೊದಲೇ ಹೀಗೆ ಮಾಡಿದ್ದಾರೋ ಹುಡುಕಬೇಕು. ಬರೀ ಟಾಲ್ಕು, ಬರೀ ಇದ್ದಿಲು, ಎರಡೂ ಕೂಡಿದ್ದು ಎಂದು ಫಲಿತಾಂಶಗಳನ್ನು ಸಾಲಾಗಿ ತೋರಿಸಬೇಕು. ಜೀವಿಯನ್ನು ಮಾತಿನಲ್ಲಿ ಪೂರ್ತಿ ಬಣ್ಣಿಸಲಾಗದು, ಹಾಗಾಗಿ ಚಂಡೀಗಢದ ಸೂಕ್ಷ್ಮಜೀವಿ ಭಂಡಾರಕ್ಕೆ ಮಾದರಿ ಹೋಗಬೇಕು. ಮಣ್ಣು ನಮ್ಮ ನೆಲದ್ದು, ಜೀವವೈವಿಧ್ಯ ಪ್ರಾಧಿಕಾರದ ಲೆಕ್ಕಕ್ಕೂ ಬರಬೇಕು. ಅರ್ಜಿ ಹಾಕುವ ತನಕ ಯಾವ ಸಮ್ಮೇಳನದಲ್ಲೂ ಬಾಯಿ ಬಿಡುವಂತಿಲ್ಲ.

ಪೇಟೆಂಟ್ ಎಂದರೆ ಬರೀ ಬೇಲಿಯಲ್ಲ. ಇಪ್ಪತ್ತು ವರ್ಷದ ಹಕ್ಕಿಗೆ ಬದಲಾಗಿ ಗುಟ್ಟನ್ನೆಲ್ಲ ಲೋಕಕ್ಕೆ ಬಿಚ್ಚಿ ಹೇಳುವ ಕರಾರು. ಪ್ರಬಂಧದ ಮೂಲೆಯಲ್ಲಿ ಒಂದು ಸಾಲಾಗಿ ಕಳೆದುಹೋಗುತ್ತಿದ್ದ ಆ ಇದ್ದಿಲು ಈಗ ಕಾಗದಕ್ಕೆ ಇಳಿಯುತ್ತಿದೆ. ಹುಡುಗ "ಸಿಕ್ಕಿದ" ಎಂದು ಬರೆದದ್ದನ್ನು ತಾನೇ ಹೊಡೆದು "ತಯಾರಿಸಿದ" ಎಂದು ತಿದ್ದಿದ.

"ಸಿಪ್ಪೆ ಎಷ್ಟು ಗ್ರಾಂ? ಎಷ್ಟು ಬಿಸಿಯಲ್ಲಿ ಸುಟ್ಟಿರಿ? ಎಷ್ಟು ಹೊತ್ತು?" ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.